ಆಟಿಯ ಮಳೆಯಲ್ಲಿ ಉಪ್ಪುಸೊಳೆ

ನಮ್ಮ ತುಮಕೂರಿನ ಕಡೆ ಹಲಸು ಅಂದರೆ ಹಣ್ಣು, ಅಷ್ಟೇ. ರಸ್ತೆ ಬದಿಯಲ್ಲಿ ಹತ್ತು ತೊಳೆ ಕೊಂಡು ತಿಂದರೆ ಮುಗಿಯಿತು. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ತಾಮ್ರದ ಬಣ್ಣ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಆದರೆ ಹಲಸು ಹೊಟ್ಟೆ ತುಂಬಿಸುವ ಊಟವೂ ಹೌದು ಅಂತ ನಾನು ಕಂಡಿದ್ದು ಜುಲೈ ಕೊನೆಯಲ್ಲಿ, ತುಳುನಾಡಿನವರು ಆಟಿ ಅನ್ನುವ ಮಳೆ ತಿಂಗಳಲ್ಲಿ, ದಕ್ಷಿಣ ಕನ್ನಡದ ವಿಟ್ಲದ ಹತ್ತಿರ ಗೆಳೆಯನ ಮನೆಗೆ ಹೋದಾಗ.

ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿಯುವಾಗ ಹಿಡಿದ ಮಳೆ, ನಾನು ವಾಪಸ್ ಹೊರಡುವವರೆಗೂ ಪೂರ್ತಿ ಬಿಡಲಿಲ್ಲ. ಪುತ್ತೂರಿನಲ್ಲಿ ಬಸ್ಸು ಬದಲಿಸಿ, ಅಡಿಕೆ ತೋಟದ ನಡುವಿನ ಆ ಮನೆ ಸೇರುವಷ್ಟರಲ್ಲಿ ತಿಂಡಿ ಹೊತ್ತು. ಎಲೆಯ ಮೇಲೆ ಬಿಸಿಬಿಸಿ ಹಲಸಿನ ಹಣ್ಣಿನ ಕೊಟ್ಟಿಗೆ. ಅಕ್ಕಿಯ ಜೊತೆ ಹಣ್ಣು ರುಬ್ಬಿ, ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ಬೇಯಿಸಿದ್ದು. ಮೇಲೆ ತುಪ್ಪ. ನಾಲ್ಕು ತಿಂದೆ.

ಅಲ್ಲಿ ಹಲಸಿಗೆ ಒಂದೇ ಹೆಸರಿಲ್ಲ. ಎಳೆಯದು ಗುಜ್ಜೆ, ಪಲ್ಯಕ್ಕೆ. ಗಟ್ಟಿ ತೊಳೆಯದು ಬಕ್ಕೆ, ಮೆತ್ತಗೆ ಜಾರುವುದು ತುಳುವ. ನಾವು ತೊಳೆ ಅನ್ನುವುದು ಅವರ ಬಾಯಲ್ಲಿ ಸೊಳೆ.

ಗೆಳೆಯನ ಅಮ್ಮ ನನ್ನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಒಂದು ದೊಡ್ಡ ಭರಣಿಯ ಮುಚ್ಚಳ ತೆಗೆದರು. ಹುಳಿ ವಾಸನೆ ಗಪ್ಪಂತ ಬಂತು. ಬೇಸಿಗೆಯಲ್ಲಿ ಬಲಿತ ಕಾಯಿ ಬಿಡಿಸಿ, ಸೊಳೆಗೆ ಉಪ್ಪು ಬೆರೆಸಿ ಒತ್ತಿ ತುಂಬಿ, ಮೇಲೆ ಕಲ್ಲು ಹೇರಿ ಇಟ್ಟಿದ್ದು. ಇದೇ ಉಪ್ಪುಸೊಳೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. "ಆಟಿಯಲ್ಲಿ ಹೊರಗೆ ಕಾಲಿಡಲಿಕ್ಕೆ ಆಗ್ತಿರ್ಲಿಲ್ಲ. ಅಕ್ಕಿ ಮುಗಿಯುತ್ತಾ ಬರ್ತಿತ್ತು. ಆಗ ಇದೇ ನಮ್ಮನ್ನು ಸಾಕಿದ್ದು" ಅಂದರು. ಎಷ್ಟು ಮೆಲ್ಲಗೆ ಹೇಳಿದರೆಂದರೆ, ಮಳೆಯ ಸದ್ದಿನಲ್ಲಿ ನಾನು ಬಗ್ಗಿ ಕೇಳಬೇಕಾಯಿತು. ಹಲಸನ್ನು ಬಡವರ ಹಣ್ಣು ಅಂತ ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಆ ಮಾತು ನನಗೆ ಇನ್ನು ಬಾಯಿಗೆ ಬರುವುದಿಲ್ಲ.

ಮಧ್ಯಾಹ್ನ ಅದರದೇ ಪಲ್ಯ. ಸಂಜೆ, ನೆನೆಸಿ ಉಪ್ಪು ಬಿಡಿಸಿದ ಸೊಳೆಗೆ ಅಕ್ಕಿಹಿಟ್ಟು ಸೇರಿಸಿ ರುಬ್ಬಿ, ಸಣ್ಣ ಸಣ್ಣ ಉಂಡೆ ಕಟ್ಟಿ, ತೆಂಗಿನೆಣ್ಣೆಯಲ್ಲಿ ಕರಿದ ಉಂಡ್ಲಕಾಳು. ಉಂಡೆ ಕಟ್ಟಲು ಮನೆಯವರೆಲ್ಲ ಕೂತಿದ್ದೆವು. ಆ ಕೆಲಸ ಒಬ್ಬರಿಂದ ಆಗುವುದಿಲ್ಲ, ಜಾಸ್ತಿ ಕೈ ಬೇಕು. ಮಾತೂ ಅಷ್ಟೇ ಬೆಳೆಯುತ್ತದೆ.

ಮರುದಿನ ಕೊನೆಯ ಹಣ್ಣೊಂದನ್ನು ಕೊಯ್ದರು. ಕೈಗೆ, ಕತ್ತಿಗೆ ತೆಂಗಿನೆಣ್ಣೆ. ಮೇಣವನ್ನು ಕಡ್ಡಿಗೆ ಸುತ್ತಿಟ್ಟರು. ಹಿಂದೆ ತೂತು ಬಿದ್ದ ಪಾತ್ರೆಗೆ ಅದನ್ನೇ ಮೆತ್ತುತ್ತಿದ್ದರಂತೆ. ಸಿಪ್ಪೆ ಹಸುವಿಗೆ ಹೋಯಿತು. ಬೇಳೆ, ಅಂದರೆ ಹಲಸಿನ ಬೀಜ, ತೊಳೆದು ಬುಟ್ಟಿಗೆ. ಎಸೆದದ್ದು ಏನೂ ಕಾಣಲಿಲ್ಲ. ಮರ ಮುಪ್ಪಾದರೆ ಚೆಂಡೆಯ ಗೂಡಿಗೆ, ಮನೆಯ ಬಾಗಿಲಿಗೆ ಆಗುತ್ತದೆ. ನಾನು ಮಲಗಿದ್ದ ಕೋಣೆಯ ಬಾಗಿಲೂ ಹಲಸಿನದೇ, ಹಳದಿ ಕಂದಾಗಿ ಹೊಳೆಯುತ್ತಿತ್ತು.

ಹೊರಡುವಾಗ ಅಮ್ಮ ಒಂದು ಡಬ್ಬಿ ಉಪ್ಪುಸೊಳೆ ಕಟ್ಟಿಕೊಟ್ಟರು. ಬಸ್ಸು ಹತ್ತುವ ತನಕ ಮೂರು ಸಲ ಹೇಳಿದರು: "ರಾತ್ರಿಯೇ ನೀರಲ್ಲಿ ಹಾಕಿ. ನೀರು ಎರಡು ಸಲ ಬದಲಿಸಿ. ಉಪ್ಪು ಬಿಡದೆ ಒಲೆಗೆ ಇಡಬೇಡಿ."