ಜಾಹೀರಾತು ತಂದ ಮಾರಾಟ, ಹೇಗಿದ್ದರೂ ಬರುತ್ತಿದ್ದ ಮಾರಾಟ

ಮೈಸೂರಿನ ಅಗರಬತ್ತಿ ತಯಾರಕರು, ಬೀಟೆ ಮರದಲ್ಲಿ ಬೇರೆ ಮರದ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವ ಇನ್‌ಲೇ ಕೆಲಸದವರು, ಮಂಡ್ಯ ಕಡೆಯ ಆಲೆಮನೆಯವರು ಮೊದಲಾದ ಸಣ್ಣ ಮಾರಾಟಗಾರರು ಅಮೆಜಾನ್‌ನಂಥ ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಇಟ್ಟಿರುವ ಖಾತೆಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಫೋಟೊ ಏರಿಸುವುದು, ವಿವರ ಬರೆಯುವುದು, ಆರ್ಡರ್, ರಿಟರ್ನ್, ತಿಂಗಳ ಲೆಕ್ಕ ಇವೆಲ್ಲದರ ನಡುವೆ ನಮ್ಮಲ್ಲಿಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆಯೆಂದರೆ, ಜಾಹೀರಾತಿನ ಹಣ ಕೊಟ್ಟು ಲಿಸ್ಟಿಂಗನ್ನು, ಅಂದರೆ ತಾಣದಲ್ಲಿ ತಮ್ಮ ವಸ್ತುವಿನ ಚಿತ್ರ, ಬೆಲೆ, ವಿವರ ಇರುವ ಪುಟವನ್ನು, ಹುಡುಕಾಟದಲ್ಲಿ ಮೇಲಕ್ಕೆ ತರಿಸಿದರೆ ಗಿಟ್ಟುತ್ತದೆಯೇ ಎಂಬುದು. ಮದ್ದೂರು ಕಡೆಯ ಬೆಲ್ಲದ ಯಜಮಾನರೊಬ್ಬರು, "ಸಾರ್, ಕಾಸು ಕಟ್ಟಿದ್ರೆ ಮೊದಲ್ನೇ ಸಾಲಲ್ಲೇ ಕಾಣುತ್ತಂತಲ್ಲ, ಕಟ್ಬಿಡಿ ಅತ್ಲಾಗೆ" ಎಂದು ಹೇಳಿ ಎದ್ದೇಬಿಟ್ಟಿದ್ದರು. "ಕಾಣೋದೇನೋ ಕಾಣುತ್ತೆ ಯಜಮಾನ್ರೇ, ಒಂದು ಡಬ್ಬಿ ಮಾರಿದ್ರೆ ನಿಮ್ಮ ಕೈಗೆ ಎಷ್ಟು ಉಳಿಯುತ್ತೆ ಹೇಳಿ ಮೊದ್ಲು" ಎಂದು ಅವರನ್ನು ಮತ್ತೆ ಕೂರಿಸಬೇಕಾಯಿತು.

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳುವುದಕ್ಕಿಂತ ಒಂದು ಹಾಳೆಯ ಮೇಲೆ ಲೆಕ್ಕ ಹಾಕುವುದು ಒಳ್ಳೆಯದು. ಲೆಕ್ಕಕ್ಕೆಂದು 299 ರೂಪಾಯಿಯ ಅಗರಬತ್ತಿ ಕಾಂಬೊ ಒಂದನ್ನು ಇಟ್ಟುಕೊಳ್ಳೋಣ. ಸರಕು ಮತ್ತು ಪ್ಯಾಕಿಂಗಿಗೆ 110, ಮಾರುಕಟ್ಟೆಯ ಕಮಿಷನ್ ಮತ್ತು ಸಾಗಣೆ ಸೇರಿ 105, ಬೆಲೆಯೊಳಗೇ ಸೇರಿರುವ ಶೇಕಡಾ 5ರ ಜಿಎಸ್‌ಟಿ ಸುಮಾರು 14, ವಾಪಸು ಬರುವ ಪೊಟ್ಟಣಗಳ ನಷ್ಟಕ್ಕೆ 10 ಎಂದು ಕಳೆದರೆ ಉಳಿಯುವುದು 60 ರೂಪಾಯಿ. ಈಗ ಜಾಹೀರಾತನ್ನು ಯಾರಾದರೂ ಒತ್ತಿದಾಗಲೆಲ್ಲ, ಅಂದರೆ ಒಂದು ಕ್ಲಿಕ್ಕಿಗೆ, 6 ರೂಪಾಯಿ ಬೀಳುತ್ತದೆ, ಕ್ಲಿಕ್ ಮಾಡಿದ 12 ಜನರಲ್ಲಿ ಒಬ್ಬರು ಕೊಳ್ಳುತ್ತಾರೆ ಎಂದುಕೊಂಡರೆ, 60 ರೂಪಾಯಿ ಉಳಿಸಿಕೊಡುವ ಡಬ್ಬಿಯನ್ನು ಮಾರುವುದಕ್ಕೆ 72 ರೂಪಾಯಿ ಖರ್ಚಾಯಿತು. ಅದೇ ಲಿಸ್ಟಿಂಗಿನ ಮೊದಲ ಫೋಟೊ ಬದಲಾಯಿಸಿ, ಎಷ್ಟು ಕಡ್ಡಿ, ಎಷ್ಟು ಗ್ರಾಂ, ಯಾವ ಯಾವ ಪರಿಮಳ ಎಂಬುದನ್ನು ಶೀರ್ಷಿಕೆಯಲ್ಲೇ ಸ್ಪಷ್ಟಪಡಿಸಿದ ಮೇಲೆ ಎಂಟರಲ್ಲಿ ಒಬ್ಬರು ಕೊಳ್ಳತೊಡಗಿದರೆ ಖರ್ಚು 48ಕ್ಕೆ ಇಳಿಯುತ್ತದೆ. ಬಿಡ್, ಅಂದರೆ ಒಂದು ಕ್ಲಿಕ್ಕಿಗೆ ಕೊಡುತ್ತೇವೆಂದು ನಾವು ಕೂಗಿದ ಮೊತ್ತ, ಒಂದು ಪೈಸೆಯೂ ಬದಲಾಗಿಲ್ಲ, ಆದರೆ ನಷ್ಟ ಹೋಗಿ ಲಾಭ ಬಂದಿದೆ. ಆದ್ದರಿಂದ ಫೋಟೊ ಸರಿಯಿಲ್ಲದ ಲಿಸ್ಟಿಂಗಿಗೆ ಜಾಹೀರಾತು ಹಾಕಿಸಲು ಬಂದವರನ್ನು ನಾನು ಮೊದಲು ಫೋಟೊ ತೆಗೆಸಲು ಕಳಿಸುತ್ತೇನೆ.

ಜಾಹೀರಾತಿನ ಬಿಲ್ಲಿನ ಮೇಲೆ ಶೇಕಡಾ 18 ಜಿಎಸ್‌ಟಿ ಇರುವುದನ್ನು ಅನೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವವರು ಅದನ್ನು ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ಮಾರಾಟಗಾರರಿಗೂ ಕಾಂಪೊಸಿಷನ್ ಎಂಬ, ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ವ್ಯವಸ್ಥೆಯಲ್ಲಿರುವವರಿಗೂ ರಾಜ್ಯದೊಳಗೆ ಇಂಥ ಮಾರುಕಟ್ಟೆಗಳ ಮೂಲಕ ಮಾರಲು ಅವಕಾಶ ಸಿಕ್ಕಿದೆಯಲ್ಲ, ಅವರಿಗೆ ಆ ಕ್ರೆಡಿಟ್ ಇಲ್ಲ; ಅವರ 6 ರೂಪಾಯಿಯ ಕ್ಲಿಕ್ ನಿಜವಾಗಿ 7 ರೂಪಾಯಿ 8 ಪೈಸೆಯ ಕ್ಲಿಕ್.

ಇಷ್ಟರವರೆಗಿನದು ಯಾರಾದರೂ ಹಾಕಬಹುದಾದ ಲೆಕ್ಕ. ನಿಜವಾದ ತೊಡಕು ಇರುವುದು ಅದರ ನಂತರ. ಜಾಹೀರಾತಿನ ವರದಿಯಲ್ಲಿ "ಈ ತಿಂಗಳು ಜಾಹೀರಾತಿನಿಂದ 40 ಮಾರಾಟ" ಎಂದು ಬಂದಾಗ, ಅದು ಹೇಳುತ್ತಿರುವುದು ಜಾಹೀರಾತನ್ನು ಒತ್ತಿದವರಿಂದ 40 ಆರ್ಡರ್ ಬಂದವು ಎಂದಷ್ಟೇ ಹೊರತು, ಜಾಹೀರಾತು ಇಲ್ಲದಿದ್ದರೆ ಆ 40 ಆರ್ಡರುಗಳು ಬರುತ್ತಲೇ ಇರಲಿಲ್ಲ ಎಂದಲ್ಲ. ತಯಾರಕರ ಬ್ರ್ಯಾಂಡ್ ಹೆಸರನ್ನೇ ಬೆರಳಚ್ಚಿಸಿ ಹುಡುಕಿಕೊಂಡು ಬಂದ ಹಳೆಯ ಗಿರಾಕಿ ಮೇಲಿನ ಸಾಲಿನಲ್ಲಿ ಕಂಡ ಸ್ಪಾನ್ಸರ್ಡ್ (ಹಣ ಕೊಟ್ಟು ಹಾಕಿಸಿದ) ಚಿತ್ರವನ್ನೇ ಒತ್ತುತ್ತಾನೆ. ಅದರ ಕೆಳಗೇ ಹಣ ಕೊಡದ ಅದೇ ಲಿಸ್ಟಿಂಗ್ ಇದ್ದದ್ದು ಅವನಿಗೆ ಮುಖ್ಯವೇ ಅಲ್ಲ. ಆ 40ರಲ್ಲಿ 25 ಇಂಥವು ಎಂದಾದರೆ, ಒಂದಕ್ಕೆ 48ರಂತೆ ಕೊಟ್ಟ 1,920 ರೂಪಾಯಿಗೆ ನಾವು ಹೊಸದಾಗಿ ಪಡೆದದ್ದು 15 ಮಾರಾಟ, ಅಂದರೆ ಒಂದಕ್ಕೆ 128 ರೂಪಾಯಿ. ವರದಿಯಲ್ಲಿ ಲಾಭವಾಗಿ ಕಾಣುವ ಜಾಹೀರಾತು ಗಲ್ಲಾಪೆಟ್ಟಿಗೆಯಲ್ಲಿ ನಷ್ಟವಾಗುವುದು ಹೀಗೆ. ಜೊತೆಗೆ, ಅಮೆಜಾನಿನ ವರದಿಯಲ್ಲಿ ಒಂದು ವಸ್ತುವಿನ ಜಾಹೀರಾತನ್ನು ಒತ್ತಿ ಬಂದವರು ಅದೇ ಮಾರಾಟಗಾರನ ಬೇರೆ ವಸ್ತುವನ್ನು ಕೊಂಡರೂ ಅದು ಆ ಜಾಹೀರಾತಿನ ಖಾತೆಗೇ ಸೇರುತ್ತದೆ. ಅದು ಮೋಸವೇನಲ್ಲ, ನಿಯಮವನ್ನು ಬರೆದೇ ಇಟ್ಟಿದ್ದಾರೆ. ಆದರೆ ಆ ಅಂಕಿಯನ್ನು ಓದುವವರಿಗೆ ಆ ನಿಯಮ ಗೊತ್ತಿರಬೇಕು.

ಇದು ನಮ್ಮಂಥ ಸಣ್ಣವರ ಅನುಮಾನ ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಆನ್‌ಲೈನ್ ಮಾರುಕಟ್ಟೆಯಾದ ಇಬೇ ಕಂಪನಿಯೇ ತಾನು ಸರ್ಚ್ ಎಂಜಿನ್ನುಗಳಿಗೆ ಕೊಡುತ್ತಿದ್ದ ಜಾಹೀರಾತಿನ ಹಣದ ಬಗ್ಗೆ ಇದೇ ಪ್ರಶ್ನೆ ಕೇಳಿಕೊಂಡಿತ್ತು. 2012ರಲ್ಲಿ ಅದು ತನ್ನ ಹೆಸರಿನ ಹುಡುಕಾಟಕ್ಕೆ ಕೊಡುತ್ತಿದ್ದ ಜಾಹೀರಾತನ್ನು ಕೆಲವು ಕಡೆ ನಿಲ್ಲಿಸಿ ನೋಡಿದಾಗ, ಆ ದಾರಿಯಿಂದ ಬರುತ್ತಿದ್ದ ಬಹುತೇಕ ಎಲ್ಲರೂ ಪುಕ್ಕಟೆಯ ಲಿಂಕಿನಿಂದಲೇ ಬಂದರು. ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಆ ತಾಣಕ್ಕೆ ಹೊಸಬರಾದವರ ಮೇಲೆ ಮತ್ತು ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಕೆಲಸ ಮಾಡಿತು, ಪದೇ ಪದೇ ಕೊಳ್ಳುವವರ ಮೇಲೆ ಮಾಡಲಿಲ್ಲ. ಅದು ಕಂಪನಿಯ ಸ್ವಂತ ಜಾಹೀರಾತಿನ ಕಥೆಯೇ ಹೊರತು ಅಲ್ಲಿನ ಮಾರಾಟಗಾರರದ್ದಲ್ಲ ಎಂಬುದು ನಿಜ. ಆದರೂ ನಮ್ಮನ್ನು ಅರಿಯದವರಿಗೆ ನಮ್ಮನ್ನು ತೋರಿಸುವ ಹಣ ಬೇರೆ, ಅರಿತವರಿಗೆ ಮತ್ತೆ ತೋರಿಸುವ ಹಣ ಬೇರೆ ಎಂಬ ವಿಂಗಡಣೆಯನ್ನು ನಮ್ಮ ಕೆಲಸಕ್ಕೆ ನಾನು ಅಲ್ಲಿಂದಲೇ ತೆಗೆದುಕೊಂಡಿದ್ದೇನೆ.

ಇದನ್ನು ಪರೀಕ್ಷಿಸಲು ನಮ್ಮ ಕಚೇರಿಯಲ್ಲಿ ಅನುಸರಿಸುವ ಕ್ರಮ ಸರಳವಾದದ್ದು. ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಮಾರಾಟವಾಗುವ ಎರಡು ವಸ್ತುಗಳನ್ನು ಆರಿಸಿ, ಹಬ್ಬವಾಗಲಿ ದೊಡ್ಡ ರಿಯಾಯಿತಿ ಮಾರಾಟವಾಗಲಿ ಇಲ್ಲದ ವಾರಗಳಲ್ಲಿ ಒಂದರ ಜಾಹೀರಾತನ್ನು ನಿಲ್ಲಿಸಿ ಇನ್ನೊಂದರದ್ದನ್ನು ಮುಂದುವರಿಸುತ್ತೇವೆ. ಆಮೇಲೆ ಜಾಹೀರಾತಿನ ವರದಿಯನ್ನು ಪಕ್ಕಕ್ಕಿಟ್ಟು, ಎರಡರ ಒಟ್ಟು ಆರ್ಡರುಗಳನ್ನು ಮಾತ್ರ ನೋಡುತ್ತೇವೆ. ನಿಲ್ಲಿಸಿದ ವಸ್ತುವಿನ ಒಟ್ಟು ಮಾರಾಟ ಎಷ್ಟು ಇಳಿಯಿತೋ ಅಷ್ಟೇ ಜಾಹೀರಾತು ನಿಜವಾಗಿ ತಂದದ್ದು. ಇದರಲ್ಲೊಂದು ಕೊರತೆಯಿದೆ: ಮಾರಾಟ ಇಳಿದರೆ ಕ್ರಮೇಣ ಪುಕ್ಕಟೆಯ ಸಾಲಿನಲ್ಲೂ ಲಿಸ್ಟಿಂಗ್ ಕೆಳಗಿಳಿಯಬಹುದು, ಹಾಗಾಗಿ ಬಹಳ ದಿನ ನಿಲ್ಲಿಸಿಡುವುದಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ.

ಪರದೇಶಕ್ಕೆ ಕಳಿಸುವ ಇನ್‌ಲೇ ಪೆಟ್ಟಿಗೆ, ಗೋಡೆಯ ಫಲಕಗಳ ವಿಷಯದಲ್ಲಿ ಲೆಕ್ಕದ ರೀತಿಯೇ ಬೇರೆ. ಅಲ್ಲಿ ಕ್ಲಿಕ್ಕಿಗಲ್ಲ, ಮಾರಾಟಕ್ಕೆ ಹಣ ಕೊಡುವ ವ್ಯವಸ್ಥೆಗಳೂ ಇವೆ. ಕೈಕೆಲಸದ ವಸ್ತುಗಳ ಮಾರಾಟ ತಾಣವಾದ ಎಟ್ಸಿಯ ಆಫ್‌ಸೈಟ್ ಆ್ಯಡ್ಸ್‌ನಲ್ಲಿ, ಬೇರೆ ತಾಣಗಳಲ್ಲಿ ತೋರಿಸಿದ ಜಾಹೀರಾತನ್ನು ಒತ್ತಿದವರು 30 ದಿನದೊಳಗೆ ಆ ಅಂಗಡಿಯಲ್ಲಿ ಕೊಂಡರೆ ಶೇಕಡಾ 15 ಶುಲ್ಕ. 12 ತಿಂಗಳಲ್ಲಿ 10,000 ಡಾಲರ್ ವಹಿವಾಟು ಮುಟ್ಟಿದ ಅಂಗಡಿಗೆ ಅದು ಶೇಕಡಾ 12ಕ್ಕೆ ಇಳಿಯುತ್ತದೆ, ಆದರೆ ಬೇಡವೆನ್ನುವ ಹಕ್ಕು ಹೋಗುತ್ತದೆ. ಒಂದು ಆರ್ಡರಿಗೆ ಶುಲ್ಕ 100 ಡಾಲರ್ ಮೀರುವುದಿಲ್ಲ. ಮಾರಾಟವಾದರೆ ತಾನೇ ಕೊಡುವುದು ಎಂದು ನೆಮ್ಮದಿಯಾಗಿರುವವರಿಗೆ ನಾನು ಕೇಳುವುದು, ಆ ಶೇಕಡಾ 15ನ್ನು ಬೆಲೆಯಲ್ಲಿ ಸೇರಿಸಿದ್ದೀರಾ ಎಂದು. ಹೆಚ್ಚಿನವರು ಸೇರಿಸಿರುವುದಿಲ್ಲ. ತಿಂಗಳುಗಟ್ಟಲೆ ಕೈಯಲ್ಲಿ ಕೆತ್ತಿ ಕೂರಿಸಿದ ಫಲಕಕ್ಕೆ ಕೂಲಿಯೇ ಪೂರ್ತಿ ಗಿಟ್ಟದಿರುವಾಗ ಆ ಪಾಲು ಕುಶಲಕರ್ಮಿಯ ಕೂಲಿಯಿಂದಲೇ ಹೋಗುತ್ತದೆ.

ಕ್ಲಿಕ್ಕಿನ ಹಣ ಎಲ್ಲಿ ಸೋರುತ್ತದೆ ಎಂಬುದು ತಿಳಿಯಬೇಕಾದರೆ ಹುಡುಕಾಟದ ಪದಗಳ ವರದಿಯನ್ನು ತೆರೆದು ಸಾಲು ಸಾಲಾಗಿ ಓದಬೇಕು. ಬೇಸರದ ಕೆಲಸವೇ, ಆದರೆ ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಇದಕ್ಕಿಂತ ಲಾಭದ ಕೆಲಸವಿಲ್ಲ. ಪದಗಳ ಆಯ್ಕೆಯನ್ನು ಯಂತ್ರಕ್ಕೇ ಬಿಟ್ಟ ಅಗರಬತ್ತಿ ಜಾಹೀರಾತುಗಳ ವರದಿಯಲ್ಲಿ ಅಗರಬತ್ತಿ ಸ್ಟ್ಯಾಂಡ್ ಹುಡುಕಿದವರು, ಧೂಪದ ಬಟ್ಟಲು ಹುಡುಕಿದವರು, ಸೊಳ್ಳೆ ಓಡಿಸುವ ಕಡ್ಡಿ ಹುಡುಕಿದವರು ಎಲ್ಲರ ಕ್ಲಿಕ್ಕುಗಳೂ ಸಿಗುತ್ತವೆ. ಹಿತ್ತಾಳೆಯ ಸ್ಟ್ಯಾಂಡ್ ಬೇಕಾದವರು ಚಿತ್ರದಲ್ಲಿ ನಾವು ಅಂದಕ್ಕೆಂದು ಇಟ್ಟ ಸ್ಟ್ಯಾಂಡನ್ನು ನೋಡಿ ಒತ್ತುತ್ತಾರೆ, ಒಳಗೆ ಬಂದು ಕಡ್ಡಿಯನ್ನು ಕಂಡು ಹಿಂದಕ್ಕೆ ಹೋಗುತ್ತಾರೆ, ನಮ್ಮ ಆರು ರೂಪಾಯಿ ಹೋಗಿರುತ್ತದೆ. ಅಂಥ ಪದಗಳನ್ನು, ಅವನ್ನು ಹುಡುಕಿದವರಿಗೆ ಜಾಹೀರಾತು ಕಾಣದಂತೆ ಮಾಡುವ ನೆಗೆಟಿವ್ ಪಟ್ಟಿಗೆ ಸೇರಿಸಿ, ಚಿತ್ರದಿಂದ ಸ್ಟ್ಯಾಂಡನ್ನು ತೆಗೆದುಹಾಕಿದರೆ ಕ್ಲಿಕ್ಕುಗಳು ಕಡಿಮೆಯಾಗುತ್ತವೆ, ಆರ್ಡರುಗಳು ಕಡಿಮೆಯಾಗುವುದಿಲ್ಲ.

ಬೆಲ್ಲದಲ್ಲಿ ಇದೇ ತೊಂದರೆ ಬಣ್ಣದ ರೂಪದಲ್ಲಿ ಬರುತ್ತದೆ. ರಾಸಾಯನಿಕ ಹಾಕದ ಬೆಲ್ಲ ಕಪ್ಪುಗೆಂಪಾಗಿರುತ್ತದೆ. ಹೊಂಬಣ್ಣದ ಅಚ್ಚುಗಳ ನಡುವೆ ಅದನ್ನು ಹಣ ಕೊಟ್ಟು ಮೊದಲ ಸಾಲಿನಲ್ಲಿ ನಿಲ್ಲಿಸಿದರೆ, ಕಾರಣ ಗೊತ್ತಿಲ್ಲದವರು ಹಳೆಯ ಸರಕೆಂದು ಮುಂದಕ್ಕೆ ಹೋಗುತ್ತಾರೆ. ಆ ಕಾರಣವನ್ನು ಎರಡನೆಯ ಚಿತ್ರದಲ್ಲೇ ದೊಡ್ಡ ಅಕ್ಷರದಲ್ಲಿ ಹೇಳದೆ ಜಾಹೀರಾತು ಹಾಕಬಾರದು. ಇನ್ನು ಒಂದು ಕಿಲೊ ಬೆಲ್ಲದ ಪೊಟ್ಟಣಕ್ಕೆ ಜಾಹೀರಾತೇ ಬೇಡ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತೂಕದ, ಅಗ್ಗದ ಸರಕಿನಲ್ಲಿ ಸಾಗಣೆಯೇ ಲಾಭವನ್ನು ನುಂಗಿರುತ್ತದೆ, ಕ್ಲಿಕ್ಕಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಡಿಸೆಂಬರ್ ಕೊನೆಯಿಂದ ಹುಡುಕಾಟ ಏರುವಾಗ ಕಾಂಬೊ ಪ್ಯಾಕಿಗೆ ಹಾಕಬಹುದು, ಆದರೆ ತಲುಪುವ ದಿನಾಂಕ ಹಬ್ಬ ದಾಟಿ ತೋರಿಸತೊಡಗಿದ ದಿನವೇ ಅದನ್ನು ನಿಲ್ಲಿಸಬೇಕು. ಹಬ್ಬದ ಮುಂಚಿನ ದಿನಗಳಲ್ಲಿ ಪೈಪೋಟಿಯಿಂದ ಬಿಡ್ ಏರಿರುತ್ತದೆ, ಜನ ಒತ್ತುತ್ತಾರೆ, ದಿನಾಂಕ ನೋಡಿ ಪಕ್ಕದ ದಿನಸಿ ಅಂಗಡಿಗೆ ಹೋಗುತ್ತಾರೆ.

ನಾನು ಹಿಂಜರಿಯದೆ ಹಣ ಹಾಕಿಸುವುದು ಒಂದೇ ಕಡೆ, ಒಂದು ವಿಮರ್ಶೆಯೂ ಇಲ್ಲದ ಹೊಸ ಲಿಸ್ಟಿಂಗಿಗೆ. ಅದನ್ನು ಯಾರೂ ಅರಿಯರು, ಪುಕ್ಕಟೆಯ ಸಾಲಿನಲ್ಲಿ ಅದು ಹತ್ತನೆಯ ಪುಟದಲ್ಲಿರುತ್ತದೆ, ಆದ್ದರಿಂದ ಬಂದ ಮಾರಾಟವೆಲ್ಲ ಬಹುಮಟ್ಟಿಗೆ ಜಾಹೀರಾತಿನದೇ. ಆಗಲೂ ಎಷ್ಟು ಹಣದವರೆಗೆ ಎಂಬುದನ್ನು ಮೊದಲೇ ಗೆರೆ ಎಳೆದು, ಆ ಗೆರೆ ಮುಟ್ಟಿದ ದಿನ ನಿಲ್ಲಿಸುತ್ತೇವೆ.

ಅಗರಬತ್ತಿಯವರು ಇಲ್ಲೊಂದು ವಾದ ಮುಂದಿಡುತ್ತಾರೆ: 60 ಉಳಿಯುವ ಮೊದಲ ಡಬ್ಬಿಗೆ 72 ಖರ್ಚಾಗಿ ಹನ್ನೆರಡು ರೂಪಾಯಿ ಹೋದರೂ ಪರಿಮಳ ಹಿಡಿಸಿದ ಗಿರಾಕಿ ಪ್ರತಿ ತಿಂಗಳೂ ಬರುತ್ತಾನಲ್ಲ ಎಂದು. ಅಂಗಡಿಯ ವ್ಯಾಪಾರದಲ್ಲಿ ಅದು ಸರಿಯಾದ ಮಾತು. ಮಾರುಕಟ್ಟೆ ತಾಣದಲ್ಲಿ ಗಿರಾಕಿಯ ಫೋನ್ ನಂಬರ್ ನಮ್ಮದಲ್ಲ, ಡಬ್ಬಿಯೊಳಗೆ "ನಮ್ಮಲ್ಲೇ ನೇರ ಕೊಳ್ಳಿ" ಎಂಬ ಚೀಟಿ ಇಡಲು ನಿಯಮ ಒಪ್ಪುವುದಿಲ್ಲ, ಎರಡನೆಯ ಸಲ ಬಂದಾಗ ಅವನ ಮುಂದೆ ಮೊದಲು ಕಾಣುವುದು ಇನ್ನೊಬ್ಬರು ಹಣ ಕಟ್ಟಿ ನಿಲ್ಲಿಸಿದ ಡಬ್ಬಿ. ಅವನು ನಮ್ಮ ಹೆಸರನ್ನು ನೆನಪಿಟ್ಟು ಬೆರಳಚ್ಚಿಸಿದರೆ ಮಾತ್ರ ಆ ಹನ್ನೆರಡು ರೂಪಾಯಿ ವಾಪಸಾಗುತ್ತದೆ. ಅದಕ್ಕಾಗಿ ಈಗ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ, ಕಡ್ಡಿ ತೆಗೆಯುವಾಗಲೆಲ್ಲ ಕಾಣುವಂತೆ, ಬ್ರ್ಯಾಂಡಿನ ಹೆಸರನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಲು ಹೇಳುತ್ತಿದ್ದೇನೆ. ಮುಂದಿನ ತಿಂಗಳುಗಳ ವರದಿಯಲ್ಲಿ ಆ ಹೆಸರಿನ ಹುಡುಕಾಟ ಏರುತ್ತದೆಯೇ ಎಂದು ನೋಡಿ, ಏರಿದರೆ ಆ ಪದದ ಮೇಲಿನ ಬಿಡ್ಡನ್ನು ತೆಗೆದುಹಾಕುವ ಯೋಚನೆಯಿದೆ.