ಐದು ಡಾಲರಿನ ಹೆರಿಗೆ

ಆರ್ಥಿಕ ಮಹಾಕುಸಿತದ ಮಾತು ಬಂದಾಗ ಬಾಗಿಲು ಮುಚ್ಚಿದ ಬ್ಯಾಂಕುಗಳ ಮುಂದೆ ನೆರೆದ ಜನರೇ ಕಣ್ಣಿಗೆ ಕಟ್ಟುತ್ತಾರೆ; ನನ್ನ ಮನಸ್ಸು ಮಾತ್ರ ಕೆಲವು ದಿನಗಳಿಂದ ಅಮೆರಿಕದ ಕೆಂಟಕಿ ರಾಜ್ಯದ ಬೆಟ್ಟಗಾಡಿನಲ್ಲಿ ಕುದುರೆಯೇರಿ ಹೆರಿಗೆ ಮಾಡಿಸಲು ಹೋಗುತ್ತಿದ್ದ ಸೂಲಗಿತ್ತಿಯರನ್ನೇ ಸುತ್ತುತ್ತಿದೆ.

ಎರಡು ಮಕ್ಕಳನ್ನು ಹೆತ್ತು ಎರಡನ್ನೂ ಕಳೆದುಕೊಂಡ ಮೇರಿ ಬ್ರೆಕಿನ್‌ರಿಜ್ ಇಂಗ್ಲೆಂಡಿನಲ್ಲಿ ಸೂಲಗಿತ್ತಿಯ ವಿದ್ಯೆ ಕಲಿತು ಬಂದು, 1925ರಲ್ಲಿ ಕೆಂಟಕಿಯ ಲೆಸ್ಲಿ ಕೌಂಟಿಯಲ್ಲಿ ಕಟ್ಟಿದ ಈ ಸೂಲಗಿತ್ತಿಯರ ಸಂಸ್ಥೆಗೆ 1928ರಿಂದ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರು. ಸರಿಯಾದ ರಸ್ತೆಯಿಲ್ಲದ ಆ ಸೀಮೆಯಲ್ಲಿ ಎಷ್ಟೋ ಕಡೆ ಹಳ್ಳದ ಪಾತ್ರವೇ ದಾರಿ. ಹೆರಿಗೆಗೆ ಬೇಕಾದುದೆಲ್ಲವೂ ಕುದುರೆಯ ಬೆನ್ನಿನ ಚೀಲಗಳಲ್ಲಿ ಹಿಡಿಸಬೇಕಾಗಿತ್ತು.

ಹೆರಿಗೆಗೆ ಗೊತ್ತುಮಾಡಿದ್ದ ಶುಲ್ಕ 5 ಡಾಲರ್. ನಗದಿಲ್ಲದವರು ಅದನ್ನು ಕುದುರೆಗಳಿಗೆ ಮೇವು ಕೊಟ್ಟೋ ಮೈಮುರಿದು ದುಡಿದೋ ತೀರಿಸಬಹುದಾಗಿತ್ತು. ನನಗೆ ಹಿಡಿಸಿದ್ದು ಈ ಏರ್ಪಾಡು. ಪುಕ್ಕಟೆ ಎಂದುಬಿಡುವುದು ಸುಲಭವಿತ್ತು. ಆದರೆ ಮೇವು ಹೊತ್ತು ತಂದು ಲೆಕ್ಕ ಚುಕ್ತಾ ಮಾಡಿದ ಗಂಡಸು, ಮುಂದಿನ ಸಲ ಹೆಂಡತಿಗೆ ನೋವು ಕಾಣಿಸಿಕೊಂಡಾಗ ನಡುರಾತ್ರಿಯಲ್ಲಿ ಬಾಗಿಲು ತಟ್ಟಲು ಅಂಜಬೇಕಾಗಿರಲಿಲ್ಲ. ಬಡವನಿಗೆ ಮರ್ಯಾದೆಯ ಚಿಂತೆ ಇರುವುದಿಲ್ಲವೆಂದು ಉಳ್ಳವರು ಭಾವಿಸುವುದುಂಟು. ಅದು ಶುದ್ಧ ಸುಳ್ಳು.

1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು; ಮರುವರ್ಷವೇ ಕೆಂಟಕಿಗೆ ಬರ ಬಡಿಯಿತು. ಬೆಳೆ ಒಣಗಿದ ಮೇಲೆ, ಮೇವು ಕೊಟ್ಟು ಋಣ ತೀರಿಸುತ್ತಿದ್ದವರ ಮನೆಯಲ್ಲಿ ತಮ್ಮ ದನಕ್ಕೇ ಮೇವಿಲ್ಲದಂತಾಯಿತು. ಇತ್ತ ಸಂಸ್ಥೆ ನೆಚ್ಚಿಕೊಂಡಿದ್ದ ನಗರದ ದಾನಿಗಳ ಕೈಯೂ ಬಿಗಿಯಾಯಿತು, ಸೂಲಗಿತ್ತಿಯರ ಸಂಬಳಕ್ಕೂ ಕತ್ತರಿ ಬಿತ್ತು. 1931ರಲ್ಲಿ ಕುದುರೆಯಿಂದ ಬಿದ್ದು ಬ್ರೆಕಿನ್‌ರಿಜ್ ಅವರ ಬೆನ್ನುಮೂಳೆಯೇ ಮುರಿಯಿತು. ಸಂಬಳ ಕಡಿಮೆಯಾಯಿತೆಂದು ದಿನ ತುಂಬಿದ ಬಸುರಿ ಕಾಯುವುದಿಲ್ಲ. ಹೊಟ್ಟೆಗಿಲ್ಲದ ಕಾಲದಲ್ಲಿ ಕೆಲಸ ಇನ್ನೂ ಕಠಿಣ, ಏಕೆಂದರೆ ಗಟ್ಟಿಮುಟ್ಟಾದ ಹೆಂಗಸು ತಾಳಿಕೊಳ್ಳುವಷ್ಟೇ ರಕ್ತಸ್ರಾವ, ರಕ್ತಹೀನತೆಯಿಂದ ಸೊರಗಿದವಳ ಪ್ರಾಣಕ್ಕೆ ಎರವಾಗಬಲ್ಲದು.

1932ರಲ್ಲಿ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್ ಈ ಸೂಲಗಿತ್ತಿಯರು ಮಾಡಿಸಿದ ಮೊದಲ 1,000 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿದರು. ಬಸಿರು ಅಥವಾ ಹೆರಿಗೆಯೇ ನೇರ ಕಾರಣವಾಗಿ ಸತ್ತ ತಾಯಿ ಒಬ್ಬಳೂ ಇರಲಿಲ್ಲ. ಇಬ್ಬರು ತೀರಿಕೊಂಡಿದ್ದರು: ಒಬ್ಬಳು ಹೃದಯದ ಕಾಯಿಲೆಯಿಂದ, ಇನ್ನೊಬ್ಬಳು ಮೂತ್ರಪಿಂಡದ ಕಾಯಿಲೆಯಿಂದ. ಕುದುರೆಯ ಬೆನ್ನಿನ ಆ ಚೀಲಗಳಲ್ಲಿ ಅವಕ್ಕೆ ಮದ್ದಿರಲಿಲ್ಲ.