ಅನ್ನಪೂರ್ಣ ಸರ್ಕ್ಯೂಟ್ ನಡಿಗೆಯ ಟಿಪ್ಪಣಿ: ಧಾರಾಪಾನಿಯಿಂದ ಜೋಮ್‌ಸೊಮ್‌ವರೆಗೆ

ಬೆಸಿಸಹರ್, ಹೊರಡುವ ಮುನ್ನ

ಬ್ಯಾಗು ತೂಗಿ ನೋಡಿದೆ. ನೀರು ಬಿಟ್ಟು ಒಂಬತ್ತು ಕಿಲೋ ಇದೆ. ತಂಗಿಯದು ಏಳೂವರೆ. ನೇಪಾಳದ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಈ ದಾರಿಯಲ್ಲಿ ಟೆಂಟು, ಸ್ಟವ್ ಹೊರುವ ಅಗತ್ಯ ಇಲ್ಲ, ಊರೂರಿಗೂ ಊಟ, ಹಾಸಿಗೆ ಸಿಗುವ ಟೀ ಹೌಸ್‌ಗಳಿವೆ. ಆದ್ದರಿಂದ ತೂಕವೆಲ್ಲ ಬೆಚ್ಚನೆ ಬಟ್ಟೆ, ಸ್ಲೀಪಿಂಗ್ ಬ್ಯಾಗು, ಔಷಧಿ ಮತ್ತು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ನಿಪ್ಪಟ್ಟಿನದು.

ಹೋಗಬೇಕೆಂದಿರುವವರಿಗೆ ಕಾಗದಪತ್ರದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಮಾತ್ರ ಬೇಕೇ ಬೇಕು. ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 3,000. 2023ರ ಏಪ್ರಿಲ್‌ನಿಂದ ಗೈಡ್ ಜೊತೆಗಿರಬೇಕು ಅನ್ನುವ ನಿಯಮವೂ ಬಂದಿದೆ. ನಮ್ಮ ಗೈಡ್ ಲಮ್ಜುಂಗ್ ಜಿಲ್ಲೆಯವರು. ನಾವು ಅವರನ್ನು 'ದಾಯ್' (ಅಣ್ಣ) ಅನ್ನುತ್ತೇವೆ, ಅವರು ತಂಗಿಯನ್ನು 'ಬಹಿನಿ' (ತಂಗಿ) ಅಂತ ಕರೆಯುತ್ತಾರೆ. ಮಾತೆಲ್ಲ ಹಿಂದಿಯಲ್ಲಿ.

ತಯಾರಿಗೆ ಮೂರು ತಿಂಗಳು ಮೆಟ್ಟಿಲು ಹತ್ತಿದ್ದಲ್ಲದೆ, ಕುಮಾರ ಪರ್ವತವನ್ನು ಇದೇ ಬ್ಯಾಗು ಹೊತ್ತು ಹತ್ತಿ ಇಳಿದೆವು. ಅದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಕುಕ್ಕೆಯಿಂದ ನೆತ್ತಿಗೆ ಸುಮಾರು 1,600 ಮೀಟರ್ ಏರು. ಈ ದಾರಿಯ ಅತಿ ಎತ್ತರದ ಪಾಸ್ (ಬೆಟ್ಟ ದಾಟುವ ಕಣಿವೆದಾರಿ) ಥೊರೊಂಗ್ ಲಾ ದಾಟಿದ ಮೇಲೆ ಮುಕ್ತಿನಾಥಕ್ಕೆ ಒಂದೇ ದಿನದಲ್ಲಿ ಇಳಿಯಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕಾಲನ್ನು ಬೆಂಗಳೂರಲ್ಲೇ ಪಳಗಿಸಬಹುದು, ಆದರೆ ಎತ್ತರಕ್ಕೆ ಮೈಯನ್ನು ಒಗ್ಗಿಸಲು ಅಲ್ಲಿ ದಾರಿಯಿಲ್ಲ. ಅದು ಆಗಬೇಕಾದದ್ದು ಇಲ್ಲೇ, ದಿನದಿನವೂ, ನಿಧಾನವಾಗಿ. ಈ ಸಲದ ಇಡೀ ಯೋಜನೆ ನಿಂತಿರುವುದು ಅದರ ಮೇಲೆ.

ಚಾಮೆ, 2,670 ಮೀಟರ್

ಧಾರಾಪಾನಿವರೆಗೆ ಜೀಪು, ಅಲ್ಲಿಂದ ನಡಿಗೆ. ಈಗ ಮಾನಂಗ್‌ವರೆಗೂ ಜೀಪ್ ರಸ್ತೆ ಆಗಿದೆ. "ಸರ್ಕ್ಯೂಟ್ ಕೆಟ್ಟುಹೋಯ್ತು" ಅಂತ ಕೊರಗುವವರು ಬಹಳ ಜನ. ನನಗೆ ಹಾಗನ್ನಿಸಲಿಲ್ಲ. ಮೊದಲು ರೋಗಿಯನ್ನು ಹೊತ್ತುಕೊಂಡು ದಿನಗಟ್ಟಲೆ ನಡೆಯಬೇಕಿದ್ದ ಊರುಗಳಿವು, ರಸ್ತೆ ಅವರಿಗೆ ಬೇಕು. ಧೂಳು ಬೇಡದವರಿಗೆ ನದಿಯ ಆಚೆ ದಡದಲ್ಲಿ ಕಾಲುದಾರಿಗಳಿವೆ. ಬಂಡೆ, ಗೋಡೆ, ಮರದ ಮೇಲೆ ಬಳಿದ ಕೆಂಪು-ಬಿಳಿ ಪಟ್ಟಿ ಹಿಡಿದು ಹೋದರೆ ಆಯಿತು. ತಿಮಾಂಗ್ ಮೂಲಕ ಹತ್ತುವ ದಾರಿ ಪೂರ್ತಿ ಪೈನ್ ಕಾಡು, ಮನಸ್ಲು ಶಿಖರ ಬೆನ್ನಿಗೆ ಬೀಳುತ್ತಾ ಬರುತ್ತದೆ.

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಇವತ್ತು ಮಲಗುವ ಕೋಣೆಯೇ ಅದಕ್ಕಿಂತ 700 ಮೀಟರ್ ಮೇಲಿದೆ.

ಮೇಲಿನ ಪಿಸಾಂಗ್, 3,300 ಮೀಟರ್

ಭ್ರಾತಾಂಗ್‌ನ ದೊಡ್ಡ ಸೇಬಿನ ತೋಟದಲ್ಲಿ ಹಣ್ಣು ತಿಂದು ಹೊರಟ ಮೇಲೆ ಎದುರಾದದ್ದು ಸ್ವರ್ಗದ್ವಾರ ಅಂತ ಕರೆಯುವ ಬಂಡೆ. ಒಂದೇ ಒಂದು ಕಲ್ಲಿನ ಹಾಸು, ಬಾಗಿಕೊಂಡು, ನುಣ್ಣಗೆ, ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆದ್ದಿದೆ. ಸತ್ತವರ ಆತ್ಮ ಇದನ್ನೇರಿ ಹೋಗುತ್ತದೆ ಅನ್ನುವುದು ಇಲ್ಲಿನವರ ನಂಬಿಕೆ. ದಾಯ್ ಅದರ ಮುಂದೆ ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ನಾವೂ ನಿಂತೆವು.

ಇಲ್ಲಿಂದ ಮುಂದೆ ಲೆಕ್ಕ ಬದಲಾಗುತ್ತದೆ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿ ಮಲಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ಹಗಲಲ್ಲಿ ಎಷ್ಟೇ ಎತ್ತರ ಹೋಗಿಬನ್ನಿ, ಮುಖ್ಯ ಆಗುವುದು ತಲೆಯಿಟ್ಟು ಮಲಗುವ ಜಾಗ.

ಘ್ಯಾರು ದಾಟಿ ನ್ಗಾವಲ್, 3,660 ಮೀಟರ್

ಪಿಸಾಂಗ್‌ನಿಂದ ಮಾನಂಗ್‌ಗೆ ಎರಡು ದಾರಿ. ಕೆಳಗಿನದು ಕಣಿವೆ ತಳದ ರಸ್ತೆ, ಸಲೀಸು. ಮೇಲಿನದು ಘ್ಯಾರುವಿಗೆ ಹತ್ತಿಸಿ, ನ್ಗಾವಲ್ ಮೂಲಕ ಬೆಟ್ಟದ ಪಕ್ಕೆಯಲ್ಲಿ ಕರೆದೊಯ್ಯುತ್ತದೆ. ಯಾರು ಕೇಳಿದರೂ ನಾನು ಮೇಲಿನದನ್ನೇ ಹೇಳುತ್ತೇನೆ.

ತೂಗುಸೇತುವೆ ದಾಟಿದ ಕೂಡಲೇ ಅಂಕುಡೊಂಕು ಏರು ಶುರು. ಸುಮಾರು 400 ಮೀಟರ್, ಎಲ್ಲೂ ಸಮತಟ್ಟಿಲ್ಲ. ಉಸಿರು ಬಾಯಿಗೆ ಬರುತ್ತಿತ್ತು. ದಾಯ್ ಹೇಳಿಕೊಟ್ಟ ನಡಿಗೆ ಹೀಗಿದೆ: ಹಿಂದಿನ ಕಾಲನ್ನು ನೇರ ಮಾಡಿ, ಮೈಭಾರವೆಲ್ಲ ಅದರ ಮೇಲೆ ಬಿಟ್ಟು, ಅರೆಕ್ಷಣ ತಡೆದು ಮುಂದಿನ ಹೆಜ್ಜೆ ಇಡಬೇಕು. ಮಾತಾಡುತ್ತಾ ನಡೆಯಲು ಆಗದಿದ್ದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ತಂಗಿ ದಾರಿಯುದ್ದಕ್ಕೂ ದೇವರನಾಮ ಗುನುಗುತ್ತಾ ಬಂದಳು. ಅವಳ ಉಸಿರು ತುಂಡಾದಲ್ಲಿ ನಿಂತೆವು.

ಘ್ಯಾರುವಿನ ಮನೆಗಳು ಕಲ್ಲು, ಮಣ್ಣಿನವು. ಒಂದರ ಚಾವಣಿ ಇನ್ನೊಂದರ ಅಂಗಳ, ಮೇಲೆ ಫಾಪರ್ (ಬಕ್‌ವೀಟ್) ಕಾಳು ಒಣಗಲು ಹರಡಿತ್ತು. ಎದುರಿಗೆ, ಕಣಿವೆಯ ಆಚೆ, ಅನ್ನಪೂರ್ಣ 2 ಮತ್ತು 4. 7,937 ಮೀಟರ್, 7,525 ಮೀಟರ್. ಅಷ್ಟು ದೊಡ್ಡದನ್ನು ಅಷ್ಟು ಹತ್ತಿರದಿಂದ, ಬುಡದಿಂದ ತುದಿವರೆಗೆ ಒಂದೇ ನೋಟದಲ್ಲಿ ನಾನು ಹಿಂದೆ ನೋಡಿರಲಿಲ್ಲ. ಮಧ್ಯಾಹ್ನ ಇಳಿಜಾರಿನಲ್ಲಿ ಹಿಮ ಜಾರಿದ್ದು ಕಂಡಿತು. ಮೊದಲು ಬಿಳಿ ಪುಡಿ ಎದ್ದಿತು, ಸದ್ದು ಬಂದದ್ದು ಎಷ್ಟೋ ಹೊತ್ತಾದ ಮೇಲೆ.

ಮೇಲಿನ ದಾರಿಯ ಇನ್ನೊಂದು ಲಾಭ ಅಂದರೆ, ಇವತ್ತು 3,660ರಲ್ಲಿ ಮಲಗಿ ನಾಳೆ 3,540ರ ಮಾನಂಗ್‌ಗೆ ಇಳಿಯುತ್ತೇವೆ. ಮೈಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಮಾನಂಗ್, 3,540 ಮೀಟರ್

ಇಲ್ಲಿ ನಡೆಯದೆ ಇರುವುದೂ ಕೆಲಸವೇ. ಬೆಳಗ್ಗೆ ಬ್ಯಾಗಿಲ್ಲದೆ ಗಂಗಾಪೂರ್ಣ ಸರೋವರದ ಮೇಲಿನ ದಿಬ್ಬಕ್ಕೆ ಹತ್ತಿ ಇಳಿದೆವು. ಹಿಮನದಿ ಕರಗಿ ನಿಂತ ನೀರು, ಹಸಿರು ಬೆರೆತ ಬೂದು ಬಣ್ಣ. ಮಧ್ಯಾಹ್ನ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಆರೋಗ್ಯ ಕೇಂದ್ರದಲ್ಲಿ ಎತ್ತರದ ಕಾಯಿಲೆ ಬಗ್ಗೆ ಉಪನ್ಯಾಸ ಇತ್ತು. ಚಾರಣದ ಸೀಸನ್ನಿನಲ್ಲಿ ಇದನ್ನು ನಡೆಸುತ್ತಾರೆ. ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ಅಲ್ಲಿ ಕಲಿತ ಅಂಕದ ಪದ್ಧತಿಯನ್ನು ಅವತ್ತೇ ಪುಸ್ತಕದಲ್ಲಿ ಗೆರೆ ಹಾಕಿಕೊಂಡೆ. ತಲೆನೋವು, ಹೊಟ್ಟೆ ತೊಳಸುವುದು, ಸುಸ್ತು, ತಲೆಸುತ್ತು: ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರ ಒಳಗೆ ಅಂಕ. ತಲೆನೋವಿದ್ದು, ಒಟ್ಟು ಮೂರು ಅಥವಾ ಹೆಚ್ಚಾದರೆ ಎತ್ತರದ ಕಾಯಿಲೆ ಅಂತಲೇ ಹಿಡಿಯಬೇಕು. ಆಮೇಲೆ ಹತ್ತುವಂತಿಲ್ಲ. ನಡೆವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗುವುದನ್ನು ಕಾಯದೆ ಇಳಿಯಬೇಕು. ಡಯಾಮಾಕ್ಸ್ ಮಾತ್ರೆಯನ್ನು ಊರಲ್ಲೇ ವೈದ್ಯರನ್ನು ಕೇಳಿ ತಂದಿದ್ದೇವೆ. ಅದು ಮೈಯನ್ನು ಬೇಗ ಒಗ್ಗಿಸುತ್ತದೆ. ಇಳಿಯಬೇಕಾದವರನ್ನು ಇಳಿಯದೆ ಉಳಿಸುವ ಔಷಧಿ ಅಲ್ಲ.

ಊಟದ ಮನೆಯ ಒಲೆ ಸುತ್ತ ಕೂತಾಗ 1950ರ ಕಥೆ ಬಂತು. ಆ ವರ್ಷ ಫ್ರೆಂಚರ ತಂಡ ಅನ್ನಪೂರ್ಣ 1 ಹತ್ತಲು ಬಂದಿತ್ತು. ಕೈಯಲ್ಲಿದ್ದ ನಕ್ಷೆ ತಪ್ಪು. ಹತ್ತುವುದಿರಲಿ, ಬೆಟ್ಟ ಎಲ್ಲಿದೆ ಅಂತ ಹುಡುಕಲಿಕ್ಕೇ ವಾರಗಟ್ಟಲೆ ಹಿಡಿಯಿತು. ಹುಡುಕುತ್ತಾ ಇದೇ ಮಾನಂಗ್‌ಗೂ ಬಂದಿದ್ದರು. ಕೊನೆಗೆ ಜೂನ್ 3ರಂದು ಎರ್ಜೋಗ್ ಮತ್ತು ಲಾಶೆನಾಲ್ ತುದಿ ಮುಟ್ಟಿದರು. 8,000 ಮೀಟರ್ ಮೀರಿದ ಶಿಖರವೊಂದನ್ನು ಮನುಷ್ಯ ಏರಿದ್ದು ಅದೇ ಮೊದಲು. ಹಿಮಗಡಿತಕ್ಕೆ ಇಬ್ಬರೂ ಕಾಲ್ಬೆರಳು ಕಳೆದುಕೊಂಡರು, ಎರ್ಜೋಗ್ ಕೈಬೆರಳನ್ನೂ.

ತಿಂಡಿ ವಿಷಯ: ಇಲ್ಲಿನ ತ್ಸಂಪಾ ಅಂದರೆ ಬಾರ್ಲಿ ಹುರಿದು ಬೀಸಿದ ಹಿಟ್ಟು, ಥೇಟ್ ನಮ್ಮ ಹುರಿಹಿಟ್ಟು. ಉಪ್ಪು ಹಾಕಿದ ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಮಾಡಿ ಕೊಟ್ಟರು. ಒಂದು ಉಂಡೆಗೆ ಮೂರು ಗಂಟೆ ಹಸಿವಾಗಲಿಲ್ಲ. ದಾಲ್ ಭಾತ್‌ಗೆ ನಮ್ಮ ಚಟ್ನಿಪುಡಿ ಹಾಕಿ ಅಡುಗೆಮನೆಯ ಅಕ್ಕನಿಗೂ ಕೊಟ್ಟೆವು. ಅರ್ಧ ಡಬ್ಬಿ ಅವರೇ ಇಟ್ಟುಕೊಂಡರು, ನಮಗೂ ಖುಷಿಯಾಯಿತು.

ಯಾಕ್ ಖರ್ಕ, 4,050 ಮೀಟರ್

ಮರಗಳು ಮುಗಿದವು. ಇನ್ನು ಮುಳ್ಳುಕಂಟಿ, ಕಲ್ಲು, ಯಾಕ್‌ಗಳು.

ಸಂಜೆ ತಂಗಿ ಊಟದ ತಟ್ಟೆ ಸರಿಸಿದಳು. "ಅಣ್ಣಾ, ತಲೆ ಹಿಂಭಾಗ ಸಿಡೀತಿದೆ. ವಾಸನೆ ಬಂದ್ರೇನೇ ಹೊಟ್ಟೆ ತೊಳಸುತ್ತೆ." ತಲೆನೋವಿಗೆ ಎರಡು, ಹೊಟ್ಟೆಗೆ ಒಂದು, ಸುಸ್ತಿಗೆ ಒಂದು: ಒಟ್ಟು ನಾಲ್ಕು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 82 ತೋರಿಸಿತು. ದಾಯ್ ಅವಳನ್ನು ಅಂಗಳದಲ್ಲಿ ಒಂದು ನೇರ ಗೆರೆ ಮೇಲೆ, ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿ ನೋಡಿದರು. ನಡಿಗೆ ಸರಿಯಿತ್ತು. ನಾಳೆ ಇಲ್ಲೇ ಇರೋಣ, ರಾತ್ರಿ ಹೆಚ್ಚಾದರೆ ಮಾನಂಗ್‌ಗೆ ಇಳಿಯೋಣ ಅಂತ ತೀರ್ಮಾನ ಆಯಿತು. ಪಕ್ಕದ ಮೇಜಿನ ತಂಡವೊಂದು ದಿನ ಉಳಿಸಲು ನಾಳೆಯೇ ಪಾಸಿನ ಕೆಳಗಿನ ಕೊನೆಯ ತಂಗುದಾಣ ಹೈ ಕ್ಯಾಂಪ್‌ಗೆ ಹೋಗುವುದಿತ್ತು. ಅವರವರ ರಜೆ ಅವರವರಿಗೆ ಗೊತ್ತು. ನಮ್ಮ ರಜೆಯಲ್ಲಿ ಕಾಯುವ ದಿನಗಳನ್ನು ಊರಿನಿಂದಲೇ ಸೇರಿಸಿಕೊಂಡು ಬಂದಿದ್ದೆವು. ಟಿಕೆಟ್ ಬುಕ್ ಮಾಡುವಾಗ ಎಲ್ಲರೂ ಹೀಗೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾರನೆ ದಿನ: ಬೆಳಗ್ಗೆ ಅಂಕ ಎರಡು, ಮಧ್ಯಾಹ್ನ ಒಂದು. ರಾತ್ರಿ ಸೊನ್ನೆ, ಆಕ್ಸಿಮೀಟರ್ 87. ಎರಡು ತಟ್ಟೆ ದಾಲ್ ಭಾತ್ ತಿಂದಳು.

ಥೊರೊಂಗ್ ಫೆದಿ, ಹೈ ಕ್ಯಾಂಪ್

ಫೆದಿಗೆ ಮುಂಚೆ ಕಲ್ಲು ಜಾರುವ ಇಳಿಜಾರು ದಾಟಬೇಕು. ಒಬ್ಬರಾದ ಮೇಲೆ ಒಬ್ಬರು, ನಿಲ್ಲದೆ, ಮೇಲೆ ಕಣ್ಣಿಟ್ಟು ಹೋದೆವು. ಫೆದಿ 4,500 ಮೀಟರ್ ಆಸುಪಾಸು. ಅಲ್ಲಿ ಒಂದು ರಾತ್ರಿ, ಮೇಲಿನ ಹೈ ಕ್ಯಾಂಪ್‌ನಲ್ಲಿ ಒಂದು ರಾತ್ರಿ.

ಚಳಿಗೆ ಮಾಡಿಕೊಂಡ ಏರ್ಪಾಡು: ಪವರ್ ಬ್ಯಾಂಕ್, ಫೋನು, ಹೆಡ್‌ಲ್ಯಾಂಪಿನ ಸೆಲ್ ಎಲ್ಲ ಸ್ಲೀಪಿಂಗ್ ಬ್ಯಾಗಿನೊಳಗೆ. ನೀರಿನ ಬಾಟಲಿ ಕಾಲುಚೀಲದೊಳಗೆ, ತಲೆಕೆಳಗಾಗಿ. ನೀರು ಮೇಲಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಿಟ್ಟರೆ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಪೈಪಿನಲ್ಲಿ ಹೀರುವ ನೀರಿನ ಚೀಲ ಇಲ್ಲಿ ಕೆಲಸಕ್ಕೆ ಬಾರದು, ಪೈಪೇ ಮೊದಲು ಗಟ್ಟಿಯಾಗುತ್ತದೆ.

ರಾತ್ರಿ ದಾಯ್ ಹವಾಮಾನದ ವರದಿಯನ್ನು ಎರಡೆರಡು ಸಲ ಕೇಳಿಕೊಂಡರು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತ್ತಲ್ಲ, ಅದರ ಉಳಿಕೆ ಎರಡು ದಿನದಲ್ಲಿ ಇಲ್ಲಿಗೆ ಬಂದು ಹಿಮಪಾತವಾಗಿ ಸುರಿಯಿತು. ಪಾಸ್ ದಾಟುತ್ತಿದ್ದವರು, ಸುತ್ತಲ ಬೆಟ್ಟಗಳಲ್ಲಿದ್ದವರು, ಎಲ್ಲ ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯ ಸುದ್ದಿಯನ್ನು ಈ ಎತ್ತರದಲ್ಲಿ ಕೂತು ಕೇಳುವುದು ಅಂದಿನಿಂದ ಇಲ್ಲಿಯ ರೂಢಿ ಅಂದರು ದಾಯ್. ನಾಳೆಗೆ ಆಕಾಶ ಶುಭ್ರ.

ಥೊರೊಂಗ್ ಲಾ, 5,416 ಮೀಟರ್

ನಾಲ್ಕೂವರೆಗೆ ಹೊರಟೆವು. ಬೆಳಗ್ಗೆ ಹತ್ತರ ನಂತರ ಪಾಸಿನ ಮೇಲೆ ಗಾಳಿ ಜೋರಾಗುತ್ತದೆ, ಅದಕ್ಕೆ ಮೊದಲೇ ದಾಟಬೇಕು. ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಮೂವತ್ತು ಹೆಜ್ಜೆ, ನಾಲ್ಕು ಉಸಿರು. ಮತ್ತೆ ಮೂವತ್ತು. ಇದೇ ಕೊನೆ ದಿಬ್ಬ ಅಂದುಕೊಂಡು ಹತ್ತಿದರೆ ಹಿಂದೆ ಇನ್ನೊಂದು. ತಂಗಿ ಮುಂದೆ, ನಾನು ಅವಳ ಹಿಮ್ಮಡಿ ನೋಡುತ್ತಾ ಹಿಂದೆ. ಕೊನೆಗೆ ಬಣ್ಣದ ಬಾವುಟಗಳ ರಾಶಿ ಕಂಡಿತು. ಅವಳು ಬ್ಯಾಗು ಕೂಡ ಇಳಿಸದೆ ಹೋಗಿ ಫಲಕ ಮುಟ್ಟಿ ಅತ್ತಳು. ನನಗೂ ತಡೆಯಲಾಗಲಿಲ್ಲ. ದಾಯ್ ಇಬ್ಬರ ಕತ್ತಿಗೂ ಖಾದಾ (ಗೌರವದ ಶಲ್ಯ) ಹಾಕಿದರು.

ಚಹಾ ಕುಡಿದು ಇಳಿದೆವು. ಇಳಿತದ ಬಗ್ಗೆ ಒಂದೇ ಮಾತು: ನಡೆಯುವ ಕೋಲು (ಪೋಲ್) ಉದ್ದ ಮಾಡಿ, ಬೂಟಿನ ದಾರವನ್ನು ಪಾದದ ಗಂಟಿನ ಹತ್ತಿರ ಬಿಗಿ ಮಾಡಿ, ಸಣ್ಣ ಹೆಜ್ಜೆ ಇಡಿ. ಕುಮಾರ ಪರ್ವತದ ಅಭ್ಯಾಸ ಇಲ್ಲಿ ಕಾಪಾಡಿತು.

ಮುಕ್ತಿನಾಥ

ದೇಗುಲದ ಹಿಂದೆ ಅರ್ಧವೃತ್ತದಲ್ಲಿ 108 ಗೋಮುಖ ನಲ್ಲಿಗಳು. ನೀರು ಮಂಜುಗಡ್ಡೆ. ತಂಗಿ ಅಷ್ಟೂ ನಲ್ಲಿಯ ಕೆಳಗೆ ತಲೆಯೊಡ್ಡಿ ಓಡಿದಳು. ಶ್ರೀವೈಷ್ಣವರಿಗೆ ಇದು 108 ದಿವ್ಯದೇಶಗಳಲ್ಲಿ ಒಂದು, ಬೌದ್ಧರಿಗೂ ಪವಿತ್ರ. ಬೌದ್ಧ ಸನ್ಯಾಸಿನಿಯರೂ ಇಲ್ಲಿ ಸೇವೆ ಮಾಡುತ್ತಾರೆ. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ಭೂಮಿಯೊಳಗಿನ ಅನಿಲದಿಂದ ಉರಿಯುವ ಸಣ್ಣ ನೀಲಿ ಜ್ವಾಲೆ ಇದೆ. ಬಗ್ಗಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಾಣುತ್ತದೆ.

ಕಾಗ್‌ಬೇನಿ, ಜೋಮ್‌ಸೊಮ್

ಕಾಳಿಗಂಡಕಿಯ ಪಾತ್ರಕ್ಕೆ ಇಳಿದೆವು. ಮಾಧ್ವರ ಮನೆಗಳ ಪೂಜೆಯ ಸಾಲಿಗ್ರಾಮ ಬರುವುದು ಇದೇ ನದಿಯಿಂದ. ನಮ್ಮ ಮನೆಯಲ್ಲೂ ಇದೆ. ಕಪ್ಪು ಗುಂಡುಕಲ್ಲು, ಒಳಗೆ ಸುರುಳಿ ಗೆರೆ. ಆ ಸುರುಳಿ ಅಮ್ಮೊನೈಟ್ ಅನ್ನುವ ಕಡಲಜೀವಿಯ ಚಿಪ್ಪಿನದು. ಸುಮಾರು 15 ಕೋಟಿ ವರ್ಷದ ಹಿಂದೆ, ಜುರಾಸಿಕ್ ಕಾಲದಲ್ಲಿ, ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಸಮುದ್ರ ಇತ್ತು. ಭೂಖಂಡಗಳು ಬಂದು ಒತ್ತಿದಾಗ ಅದರ ತಳದ ಕೆಸರು ಕಲ್ಲಾಗಿ, ಬೆಟ್ಟವಾಗಿ ಎದ್ದಿತು. ನದಿ ಈಗ ಅದನ್ನು ಕೊರೆದು ತರುತ್ತಿದೆ. ಎಡಗೈಯಲ್ಲಿ ಕಲ್ಲು ಹಿಡಿದು ಬಲಕ್ಕೆ ನೋಡಿದರೆ 8,167 ಮೀಟರಿನ ಧವಳಗಿರಿ. ಎರಡನ್ನೂ ಒಟ್ಟಿಗೆ ಮನಸ್ಸಿಗೆ ತಂದುಕೊಳ್ಳಲು ಬಹಳ ಹೊತ್ತು ಬೇಕಾಯಿತು. ಕಲ್ಲನ್ನು ನೀರಿನಲ್ಲೇ ಬಿಟ್ಟು ಬಂದೆವು.

ಹನ್ನೊಂದರ ಮೇಲೆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಕೆಳಗಿನಿಂದ ಮೇಲಕ್ಕೆ, ಮುಖಕ್ಕೆ ಮರಳು ಎರಚುತ್ತಾ. ಜೋಮ್‌ಸೊಮ್‌ನ ವಿಮಾನಗಳು ಬೆಳಗ್ಗೆ ಮಾತ್ರ ಹಾರುವುದೂ ಇದೇ ಕಾರಣಕ್ಕೆ.

ಸದ್ಯದ ಸ್ಥಿತಿ: ತಂಗಿಯ ಅಂಕ ಸೊನ್ನೆ. ನನ್ನ ಎಡ ಮಂಡಿ ಸ್ವಲ್ಪ ಊದಿದೆ, ಪಟ್ಟಿ ಕಟ್ಟಿದ್ದೇನೆ. ನಿಪ್ಪಟ್ಟು ಮುಗಿದಿದೆ. ಇಲ್ಲಿಂದ ವಿಮಾನ ಹತ್ತುವವರೇ ಜಾಸ್ತಿ, ನಾವು ನಡೆದೇ ಮುಂದುವರಿಯುತ್ತೇವೆ. ನಾಳೆ ಆರಕ್ಕೆ ಹೊರಟು, ಪೂರ್ವ ದಡದ ಥಿನಿ ಮೂಲಕ, ಗಾಳಿ ಏಳುವ ಮೊದಲು ಮಾರ್ಫಾ ಸೇರಬೇಕು. ಆಮೇಲೆ ತಾತೋಪಾನಿ, ಅಲ್ಲಿಂದ ಘೋಡೆಪಾನಿಯ ಏರು ಬಾಕಿ ಇದೆ.